ಸೋಮವಾರದ ಓಟ

ಕಮಲಾಪುರದ ಟಪಾಲು ಕಚೇರಿಯ ಮೆಟ್ಟಿಲ ಮೇಲೆ ಚೀಲ ಇಳಿಸಿದಾಗ ಮಾಪಣ್ಣನಿಗೆ ಮಾತಾಡಲು ಉಸಿರಿರಲಿಲ್ಲ. ಬಾಯಿ ಒಣಗಿತ್ತು, ಪಕ್ಕೆ ಹಿಡಿದಿತ್ತು, ಕಾಲುಗಳು ಯಾರವೋ ಎನಿಸುತ್ತಿದ್ದವು. ಮುನ್ಷಿ ಇಮಾಮುದ್ದೀನರು ಕನ್ನಡಕದ ಮೇಲಿಂದ ನೋಡಿದರು. ಕೆಟ್ಟ ಮನುಷ್ಯರಲ್ಲ ಅವರು, ಆದರೆ ಕಲಬುರ್ಗಿಯ ಸಾಹೇಬರಿಗೆ ಉತ್ತರ ಹೇಳಬೇಕಾದವರು.

"ಮತ್ತ ತಡಾ ಮಾಡಿದಿ. ಶುಕ್ರವಾರ ಸೂಟಿ, ಶನಿವಾರ ಚೀಲ ವಜ್ಜಿ ಇರ್ತದ. ಅವತ್ತ ತಡಾ ಆದ್ರ ತಿಳಕೋತಿದ್ದೆ. ಶನಿವಾರ ಕುದುರಿ ಬಂದಂಗ ಬರ್ತಿ. ಸೋಮವಾರ ಬಂತಂದ್ರ ಹಿಂಗ್ಯಾಕ?"

"ನನಗೂ ತಿಳೀವಲ್ದರಿ ಸಾಹೇಬ್ರ."

"ಬರೋ ಸೋಮವಾರನೂ ಹಿಂಗೇ ಆದ್ರ ಬ್ಯಾರೆ ಹರಕಾರನ್ನ ತರ್ತಾರ. ನಾ ಹೇಳಿದ್ರೂ ಕೇಳಂಗಿಲ್ಲ."

ಹರಕಾರನೆಂದರೆ ನಿಜಾಮ ಸರಕಾರದ ಟಪಾಲು ಹೊತ್ತು ಓಡುವವನು. ಕಲಬುರ್ಗಿಯಿಂದ ಹಳ್ಳದ ದಂಡೆಯ ಚೌಕಿಯವರೆಗೆ ಚೀಲ ತರುವವನು ಪೀರಪ್ಪ, ಈ ಕೆಲಸದಲ್ಲೇ ತಲೆ ನರೆಸಿಕೊಂಡವನು. ಅಲ್ಲಿಂದ ಕಮಲಾಪುರದವರೆಗೆ ಮಾಪಣ್ಣ, ಇನ್ನೂ ಹೊಸಬ. ಚೀಲದ ಜೊತೆಗೆ ಗೆಜ್ಜೆ ಕಟ್ಟಿದ ಕೋಲೂ ಕೈ ಬದಲಾಗುತ್ತಿತ್ತು. ಆ ಗೆಜ್ಜೆ ಕೇಳಿದರೆ ಗಾಡಿಯಾಗಲಿ ಗೌಡನಾಗಲಿ ದಾರಿ ಬಿಡಲೇಬೇಕು, ಸರಕಾರದ ಹುಕುಂ. ಕಮಲಾಪುರದಿಂದ ಮರಳುವ ಚೀಲಕ್ಕೂ ಕೋಲಿಗೂ ಬೇರೆ ಆಳಿದ್ದ. ಮಾಪಣ್ಣ ಸಂಜೆ ಬರಿಗೈಯಲ್ಲಿ ನಡೆದು ತನ್ನ ಊರಿಗೆ ಬರುತ್ತಿದ್ದ. ಊರು ಅದೇ ದಾರಿಯ ನಡುವೆ ಇತ್ತು. ಅವನದೆಂದರೆ ಊರ ಹೊರಗಿನ ಕೇರಿ. ಆ ಕೇರಿಯಲ್ಲಿ ಸರಕಾರಿ ಕೆಲಸ ಹಿಡಿದವರಲ್ಲಿ ಅವನೇ ಮೊದಲಿಗ. ಅದು ಕೈಬಿಟ್ಟರೆ ಮತ್ತೆ ದೇವೀಂದ್ರಪ್ಪ ಗೌಡರ ಮನೆಯ ಜೀತವೇ ಗತಿ. ಅವನಪ್ಪ ಅಲ್ಲೇ ಸವೆದು ಸತ್ತಿದ್ದ.

ಹೊಸದಾಗಿ ಓಡುವವನಿಗೆ ಬುದ್ಧಿ ಹೇಳುವವರಿಗೇನು ಬರವೇ? ರೊಟ್ಟಿ ತಿಂದು ಓಡಬೇಡ ಎಂದರು. ಅಂಬಲಿ ಕುಡಿದು ಓಡಿದ. ನಿದ್ದೆ ಸಾಲದು ಎಂದರು. ಕೋಳಿಗಳ ಜೊತೆಗೇ ಮಲಗಿದ. ಎರೆಮಣ್ಣು ಕಾಲಿಗೆ ಮೆತ್ತುತ್ತದೆ ಎಂದರು. ಮಳೆ ನಿಂತು ನೆಲ ಒಣಗಿದ ಮೇಲೂ ಸೋಮವಾರ ಸೋಮವಾರವೇ ಆಗಿತ್ತು. ಉಳಿದ ದಿನ ಗಾಳಿಯಂತೆ ಹೋಗುವವನು ಅಂದು ಕೆಂಪುಮಣ್ಣಿನ ಏರು ಬಂದೊಡನೆ ಕುಸಿಯುತ್ತಿದ್ದ. ಅಮಾವಾಸ್ಯೆಯ ದಿನವೂ ಹಾಗೇ. ಹೆಂಡತಿ ಭೀಮಬಾಯಿ ಇದನ್ನು ಲೆಕ್ಕಕ್ಕೆ ತೆಗೆದುಕೊಂಡಳು.

"ಅಮಾಸಿಗೂ ಆಗ್ತದಂದ್ರ ಇದು ಹೊರಗಿಂದು, ದೆವ್ವದ ಕಾಟ. ದರ್ಗಾಕ್ಕ ಹೋಗಿ ತಾಯಿತ ಕಟ್ಟಿಸ್ಕೊಂಡು ಬರೂಣು ನಡೀರಿ."

ಶುಕ್ರವಾರ ಇಬ್ಬರೂ ಕಲಬುರ್ಗಿಗೆ ನಡೆದರು. ತೋಳಿಗೆ ತಾಯಿತವಾಯಿತು. ಮೋಮಿನಪುರದ ಗಲ್ಲಿಗಳಲ್ಲಿ ಕಬಾಬಿನ ಹೊಗೆ ಕುಡಿಯುತ್ತ, ಬಳೆ ನೋಡುತ್ತ ಮಧ್ಯಾಹ್ನವೆಲ್ಲ ಅಲೆದರು. ಅಲ್ಲಿ ಇವನನ್ನು ಯಾರೂ ಬಲ್ಲವರಿಲ್ಲ. ಯಾರ ಮಗ ಎಂದು ಯಾರೂ ಕೇಳಲಿಲ್ಲ. ಅಷ್ಟು ನಡೆದರೂ ಕಾಲು ನೋಯಲಿಲ್ಲವಲ್ಲ ಎಂದು ಮಾಪಣ್ಣನಿಗೇ ಸೋಜಿಗವಾಯಿತು. ಪೀರಪ್ಪನ ಮನೆ ಅಲ್ಲೇ ಹಿಂದಿನ ಓಣಿಯಲ್ಲಿತ್ತು. ತಾಯಿತ ನೋಡಿ ಮುದುಕ ನಕ್ಕ.

"ನಾಳೆ ಅಮಾಸಿ ಅಲ್ಲೇನು? ಚೀಲ ಕೊಟ್ಟು ನಾನೂ ನಿನ್ನ ಹಿಂದ ಬರ್ತೀನಿ. ಅದ್ಯಾವ ದೆವ್ವ ಅದನೋ ನೋಡೂಣು."

ಮರುದಿನ ಬಂದೇ ಬಂದ. ಚೌಕಿಯಿಂದ ಊರವರೆಗೆ ಗೆಜ್ಜೆ ಹದವಾಗಿ ನುಡಿಯುತ್ತಿತ್ತು. ಊರ ಹೆಬ್ಬಾಗಿಲಾದ ಅಗಸಿ ಹತ್ತಿರವಾದಂತೆ ಅದು ಒಮ್ಮೆಲೇ ಹುಚ್ಚೆದ್ದು ಝಣಝಣಿಸತೊಡಗಿತು. ಪೀರಪ್ಪ ಏದುಸಿರು ಬಿಡುತ್ತ ಊರು ದಾಟಿದಾಗ ಮಾಪಣ್ಣ ಏರಿನ ಬುಡದಲ್ಲಿ ಪಕ್ಕೆ ಹಿಡಿದು ಕೂತಿದ್ದ.

"ಯಾರು ಬೆನ್ನು ಹತ್ತಿದ್ರೋ ನಿನಗ?"

"ಯಾರಿಲ್ಲ."

"ಮತ್ತ ಅಗಸ್ಯಾಗ ಯಾಕ ಹಂಗ ದೆವ್ವ ಬೆನ್ನು ಬಿದ್ದಂಗ ಓಡಿದಿ? ದಿನಾ ಹಿಂಗೇ ಓಡ್ತೀಯೇನು?"

"ದಿನಾ ಇಲ್ಲ. ದಿನಾ ಅಗಸಿ ಕಟ್ಟಿ ಮ್ಯಾಲ ಯಾರೂ ಇರಂಗಿಲ್ಲ."

ಪೀರಪ್ಪ ಅಲ್ಲೇ ಕುಕ್ಕರಿಸಿದ. ಅವನಿಗೆ ತಿಳಿದುಹೋಯಿತು. ಸೋಮವಾರ ಬಸವಣ್ಣನ ವಾರ. ಅಂದೂ ಅಮಾವಾಸ್ಯೆಯಂದೂ ಎತ್ತಿನ ಹೆಗಲಿಗೆ ಯಾರೂ ನೊಗ ಇಡುವುದಿಲ್ಲ. ಎತ್ತು ನಿಂತರೆ ಒಕ್ಕಲುತನದವರೂ ನಿಂತರು. ಅಗಸಿಕಟ್ಟೆ ತುಂಬಿ, ಕೂತವರ ಕಾಲುಗಳು ದಾರಿಯವರೆಗೆ ಚಾಚಿರುತ್ತವೆ.

"ಅಲ್ಲೋ, ಗೆಜ್ಜಿ ಕೇಳಿ ಅವರೇ ಸರೀತಾರಲ್ಲ. ನಿನಗೇನು ಅಂಜಿಕಿ?"

ಮಾಪಣ್ಣ ಕೋಲಿನ ಗೆಜ್ಜೆಯನ್ನು ಮುಷ್ಟಿಯಲ್ಲಿ ಅದುಮಿದ. ಹುಟ್ಟಿದಾಗಿನಿಂದ ಆ ಕಟ್ಟೆಯ ಮುಂದೆ ತಲೆ ಎತ್ತಿ ಹೋಗಿದ್ದವನಲ್ಲ ಅವನು.

"ಗೆಜ್ಜಿ ಕೇಳಿ ದಾರಿ ಬಿಡ್ತಾರಣ್ಣ. ದಾಟೂದು ಹೊತ್ತಾದ್ರ ಯಾರಂವ ಅಂತ ಮುಖಾ ನೋಡ್ತಾರ."

ಮುದುಕನಿಗೆ ಮರುಕ ಬಂತು, ಸಿಟ್ಟೂ ಬಂತು. ಯಾರ ಮೇಲೆ ಎಂದು ಅವನಿಗೂ ಗೊತ್ತಾಗಲಿಲ್ಲ. "ಮುಖಾ ನೋಡ್ಲಿ ಬಿಡು," ಎಂದ. "ದಮ್ಮು ಅಲ್ಲೇ ಚೆಲ್ಲಿ ಬಂದ್ರ ಏರಿಗೆ ಏನು ಉಳೀತದ? ಸಾವಕಾಶ ಹೋಗು. ತಾಯಿತ ತೆಗೀಬ್ಯಾಡ, ಹೆಂಡ್ತಿ ಬೈತಾಳ."

ಸೋಮವಾರ ಬಂತು. ಅಗಸಿಯಲ್ಲಿ ಕಟ್ಟೆ ತುಂಬಿತ್ತು. ಮಾಪಣ್ಣನ ಕಾಲು ಹಾರಲು ನೋಡಿತು. ಎತ್ತಿನ ಹಗ್ಗ ಜಗ್ಗಿ ಹಿಡಿದಂತೆ ಹಿಡಿದ. ಗೆಜ್ಜೆಗೆ ಜನ ಕಾಲು ಮಡಚಿಕೊಂಡರು, ದಾರಿಯಲ್ಲಿದ್ದವರು ಎದ್ದು ಸರಿದರು. ಇವನು ಸಾವಕಾಶವಾಗಿ ಬರುತ್ತಿದ್ದ. ಸರಿದವರು ಸರಿದೇ ನಿಲ್ಲಬೇಕಾಯಿತು. ದೇವೀಂದ್ರಪ್ಪ ಗೌಡರೂ ಎದ್ದು ನಿಂತಿದ್ದರು. ಹೊತ್ತಾಯಿತು. ಮುಖ ನೋಡಿದರು.

"ಯಾರಂವ, ನಮ್ಮ ಮಾಪ್ಯಾ ಅಲ್ಲೇನು? ಏ, ನಿಲ್ಲೋ."

ಮಾಪಣ್ಣ ನಿಲ್ಲಲಿಲ್ಲ, ಓಡಿಹೋಗಲೂ ಇಲ್ಲ. "ಸರಕಾರಿ ಚೀಲ ಅದರೀ," ಎಂದು ಅದೇ ಹದದಲ್ಲಿ ದಾಟಿದ. ಏರು ಬಂತು, ಹತ್ತಿದ. ಕಮಲಾಪುರದ ಬಾಳೆತೋಟಗಳ ಬದುವಿನಲ್ಲಿ ಉಸಿರು ಇನ್ನೂ ತನ್ನದಾಗಿಯೇ ಇತ್ತು. ಇಮಾಮುದ್ದೀನರು ಗಡಿಯಾರ ನೋಡಿ, ಅವನನ್ನು ನೋಡಿ, "ಶಾಬಾಸ್. ನೌಕರಿ ಉಳೀತು ನೋಡು," ಎಂದರು. ಅವನಿಗೆ ಸಂತೋಷವೇ ಆಯಿತು. ಆದರೆ ಸಂಜೆಯ ದಾರಿ ಬಾಕಿ ಇತ್ತು.

ಸಂಜೆ ಬರಿಗೈಯಲ್ಲಿ ಅಗಸಿಗೆ ಬಂದಾಗ ಗೌಡರು ಇನ್ನೂ ಕೂತಿದ್ದರು. ದನಿ ಏರಿಸಲಿಲ್ಲ.

"ಮುಂಜಾನಿ ನಿಲ್ಲಂದ್ರ ನಿಲ್ಲಲಿಲ್ಲ."

"ಚೀಲ ಇತ್ರೀ ಗೌಡ್ರ."

"ಈಗಿಲ್ಲಲ್ಲ. ನಿಲ್ಲು."

ನಿಂತ. ಕಟ್ಟೆಯವರು ಜೋಳದ ತೆನೆಯ ಮಾತಾಡಿದರು, ಯಾರದೋ ಮದುವೆಯ ಮಾತಾಡಿದರು. ಇವನತ್ತ ಒಬ್ಬರೂ ತಿರುಗಲಿಲ್ಲ. ದನಗಳು ಮೈ ಸವರಿಕೊಂಡು ಊರೊಳಗೆ ಹೋದವು. ಕೇರಿಯ ತಿರುವಿನಲ್ಲಿ ಭೀಮಬಾಯಿ ಬಂದು ನಿಂತಳು, ಹತ್ತಿರ ಬರಲಾರದೆ ಅಲ್ಲೇ ಉಳಿದಳು. ಅವಳು ನೋಡುತ್ತಿದ್ದಾಳೆ ಎಂಬುದೇ ಅವನಿಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟಿತು. ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸುತ್ತ ನಿಂತ. ಮನೆಗಳಲ್ಲಿ ದೀಪ ಹಚ್ಚಿದ ಮೇಲೆ ಕಟ್ಟೆಯವರು ಒಬ್ಬೊಬ್ಬರಾಗಿ ಎದ್ದು ಹೋದರು. ಹೋಗು ಎಂದು ಅವನಿಗೆ ಯಾರೂ ಹೇಳಲಿಲ್ಲ, ಅವನು ನಿಂತೇ ಇದ್ದ.

ಮರುದಿನ ಚೌಕಿಯಲ್ಲಿ ಪೀರಪ್ಪ ಅವನು ಕುಂಟುತ್ತ ಬರುವುದನ್ನು ಕಂಡ.

"ವ್ಯಾಳ್ಯಾಕ್ಕ ಮುಟ್ಟಿಲ್ಲೇನು?"

"ಮುಟ್ಟಿದೆ."

"ಮತ್ತ ಕಾಲಿಗೇನಾಯ್ತು?"

"ಓಡಿದ್ದಕ್ಕಲ್ಲಣ್ಣ," ಎಂದ ಮಾಪಣ್ಣ. ಸಂಜೆಯದನ್ನು ನಾಲ್ಕು ಮಾತಿನಲ್ಲಿ ಹೇಳಿದ. ಮುದುಕ ಕೋಲನ್ನು ನೆಲಕ್ಕೂರಿ ಕೂತ. ಸಾವಕಾಶ ಹೋಗು ಎಂದು ಹೇಳಿದವನು ತಾನೇ ಅಲ್ಲವೇ?

"ಬರೋ ಸೋಮವಾರ ಬೇಕಾದ್ರ ಅಗಸ್ಯಾಗ ಓಡಿಬಿಡು," ಎಂದ ಕೊನೆಗೆ. "ಏರಿನ್ಯಾಗ ಹ್ಯಾಂಗರೆ ಮಾಡೂಣು."

ಮಾಪಣ್ಣ ಚೀಲ ಹೆಗಲಿಗೇರಿಸಿ ಪಟ್ಟಿ ಬಿಗಿದ. ರಾತ್ರಿಯೆಲ್ಲ ನಿದ್ದೆಯಿಲ್ಲದ ಕಣ್ಣು ಉರಿಯುತ್ತಿತ್ತು. ಕೋಲಿಗೆ ಕೈ ಚಾಚಿದ.

"ಇಲ್ಲ," ಎಂದ. "ಸಾವಕಾಶನೇ ಹೋಗ್ತೀನಿ."