ಕೂರ್ವೆಲನ ಕೊನೆಯ ಅಧ್ಯಾಯ

ಎಲ್ಲಿಂದ ಶುರುಮಾಡುವುದು? ಬಾಸ್ತಿಯಾನ್ ಕೂರ್ವೆಲ್ ಎಂಬ ನಾಟಕಕಾರ ಫ್ರಾನ್ಸಿನ ಸಣ್ಣ ಊರೊಂದರಲ್ಲಿ ಕೂದಲಿನ ಟೋಪನ್ ಮಾಡುವವನ ಮಗನಾಗಿ ಹುಟ್ಟಿದ ಎಂದೇ? ಅಥವಾ 1996ರ ಏಪ್ರಿಲ್‌ನ ಒಂದು ಶುಕ್ರವಾರ ಬೆಳಿಗ್ಗೆ, ದೋಹಾದ ಮದೀನತ್ ಖಲೀಫಾದ ಬಾಡಿಗೆ ಮನೆಯ ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂತ ಎಡ್ನಾ ಎಸಿಯ ಫಿಲ್ಟರ್ ತೊಳೆಯುತ್ತಿದ್ದಳು ಎಂದೇ?

ಎರಡನೆಯದೇ ಇರಲಿ. ಚಳಿಗಾಲದ ಧೂಳು ಕೆನೆಯಂತೆ ಎದ್ದು ಬರುತ್ತಿತ್ತು. ಅರ್ಧ ತೊಳೆದಾಗಿತ್ತು. ಆಗ ಒಳಗಿನ ಕೋಣೆಯಿಂದ ಎಸಿಯ ಸದ್ದು ಕೇಳಿಸಿತು. ಅದೇ ಗುಂಯ್, ನಡುವೆ ಅದೇ ಕಟಕಟ.

ಎಡ್ನಾಳ ಕೈ ನಿಂತಿತು. ಎಸಿಯ ಸ್ವಿಚ್ಚನ್ನು ಅವಳೇ ಆಫ್ ಮಾಡಿ ಬಂದಿದ್ದಳು.

(ಮೊದಲು ‘ನನ್ನ ಕೈ ನಿಂತಿತು’ ಎಂದು ಬರೆದಿತ್ತು. ಹೊಡೆದುಹಾಕಿ ‘ಎಡ್ನಾಳ’ ಎಂದು ಮಾಡಿದ್ದು. ಎಡ್ನಾ ಎಂಬವಳಾದರೆ ಹೇಗೋ ಎದ್ದು ಆ ಕೋಣೆಗೆ ಹೋದಾಳು.)

ಅವಳು ಏಳುವಷ್ಟರಲ್ಲಿ ಕೂರ್ವೆಲನ ಕಥೆ ಹೇಳಿಬಿಡಬಹುದು. ಅವಳು ನಿಧಾನಕ್ಕೆ ಏಳುತ್ತಾಳೆ.

1.

ಕೂರ್ವೆಲ್ ಹುಟ್ಟಿದ್ದು 1709ರಲ್ಲಿ. ಅಪ್ಪನ ಅಂಗಡಿಗೆ ಬರುವ ನ್ಯಾಯಾಧೀಶರ ಬೋಳುತಲೆಗಳನ್ನು ನೋಡುತ್ತಲೇ ಬೆಳೆದ. ಟೋಪನ್ ತೆಗೆದರೆ ಎಲ್ಲರೂ ಒಂದೇ ಎಂದು ಏಳನೇ ವಯಸ್ಸಿಗೇ ಗೊತ್ತಾದವನು ಮುಂದೆ ಏನಾಗಬೇಕು? ಪ್ರಹಸನ ಬರೆಯುವವನಾದ. ಅವನ ಮೊದಲ ನಾಟಕದಲ್ಲಿ ನ್ಯಾಯಾಧೀಶ ಗೊರಕೆ ಹೊಡೆಯುತ್ತಾನೆ, ನಾಯಿ ಸಾಕ್ಷಿ ಹೇಳುತ್ತದೆ. ನಲವತ್ತು ದಿನ ಜೈಲಾಯಿತು. ಹೊರಬಂದವನು ಜೈಲರನ ಮೇಲೆ ನಾಟಕ ಬರೆದ. ಜೈಲರ್ ಹೆಂಡತಿ ಮಕ್ಕಳ ಸಮೇತ ಬಂದು ಮುಂದಿನ ಸಾಲಿನಲ್ಲಿ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕ.

ಇಷ್ಟನ್ನೂ ಹೇಳಿದವನು ಬೊನವೆಂಚರ್, ಎಡ್ನಾಳ ಗಂಡ. ಒಂದು ಫ್ರೆಂಚ್ ಕಂಪನಿಯ ಆಫೀಸಿನಲ್ಲಿ ಟೈಪಿಸ್ಟ್. ಊರಿಗೆ ಹೊರಟ ಸಾಹೇಬರೊಬ್ಬರು ಬಿಟ್ಟುಹೋದ ಇಂಗ್ಲಿಷ್ ಪುಸ್ತಕದಲ್ಲಿ ಅವನಿಗೆ ಈ ಕೂರ್ವೆಲ್ ಸಿಕ್ಕಿದ್ದ. ಉಡುಪಿಯಲ್ಲಿರುವ ಅಮ್ಮನಿಗೆ ಓದು ಬಾರದು. ಹಾಗಾಗಿ ಗಲ್ಫಿನವರೆಲ್ಲ ಮಾಡುವಂತೆ ಅವನೂ ಕಾಗದದ ಬದಲು ಕ್ಯಾಸೆಟ್ ಕಳಿಸುತ್ತಿದ್ದ. ಟೇಪ್‌ರೆಕಾರ್ಡರನ್ನು ಕಿಟಕಿಯ ಬಳಿ ಇಟ್ಟುಕೊಂಡು, ಕ್ಷೇಮ ಸಮಾಚಾರ ಮುಗಿಸಿ, ಪ್ರತಿ ಕ್ಯಾಸೆಟ್ಟಿಗೆ ಕೂರ್ವೆಲನ ಒಂದೊಂದು ಅಧ್ಯಾಯ ಹೇಳುತ್ತಿದ್ದ. ಕೊನೆಯ ಅಧ್ಯಾಯ ಉಳಿದಿತ್ತು.

2.

ಜನವರಿಯಲ್ಲಿ, ಆಫೀಸಿನ ಕುರ್ಚಿಯಲ್ಲಿ.

(ಈ ತುಂಡು ಇಷ್ಟೇ. ಉದ್ದ ಮಾಡಲು ನಾಲ್ಕು ಸಲ ನೋಡಿಯಾಗಿದೆ. ಪ್ರತಿ ಸಲವೂ ಕುಕ್ಕರ್ ಕೂಗುತ್ತದೆ.)

3.

ಮಗಳು ಡಿಂಪಲ್‌ಗೆ ಏಳು ವರ್ಷ. ಆ ವಾರ ಅವಳಿಗೆ ಮೈತುಂಬಾ ಚಿಕನ್‌ಪಾಕ್ಸ್. ವಿಮಾನ ಹತ್ತುವ ಹಾಗಿರಲಿಲ್ಲ. ಕೆಳಗಿನ ಮನೆಯ ಸೌದಾಳ ಬಳಿ ಮಗುವನ್ನು ಬಿಟ್ಟು ಎಡ್ನಾ, ಬೊನವೆಂಚರ್ ಇದ್ದ ಪೆಟ್ಟಿಗೆಯ ಜೊತೆ ಊರಿಗೆ ಹೋದಳು. ಹೊರಡುವಾಗ, “ಪಪ್ಪನಿಗೆ ರಜೆ ಸಿಕ್ಕಿದೆ, ಬಿಟ್ಟು ಬರ್ತೇನೆ” ಅಂದಳು. ಜ್ವರದ ಮಗುವಿಗೆ ಹೇಳಿದ ಮಾತು. ಜ್ವರ ಬಿಟ್ಟಿತು, ಮಾತು ಬಿಡಲಿಲ್ಲ.

ವಾಪಸು ಬರುವಾಗ ಅತ್ತೆ ಒಂದು ಬಿಸ್ಕತ್ತಿನ ಡಬ್ಬ ಕೊಟ್ಟರು. ಬೊನವೆಂಚರ್ ಕಳಿಸಿದ್ದ ಹನ್ನೊಂದು ಕ್ಯಾಸೆಟ್. “ನಂಗೆ ಇನ್ನು ಕೇಳ್ಲಿಕ್ಕೆ ಆಗುದಿಲ್ಲ ಮಗಾ.”

ಅಂದಿನಿಂದ ವಾರಕ್ಕೊಮ್ಮೆ ಎಡ್ನಾ ಒಂದೊಂದು ಕ್ಯಾಸೆಟ್ ಹೊರಗೆ ತೆಗೆಯುತ್ತಾಳೆ. “ಪಪ್ಪ ಊರಿಂದ ಕಳಿಸಿದ್ದು.” ಇಲ್ಲಿಂದ ಅಲ್ಲಿಗೆ ಹೋದ ದನಿಯನ್ನು ಅಲ್ಲಿಂದ ಇಲ್ಲಿಗೆ ಬಂದದ್ದು ಎನ್ನುತ್ತಾಳೆ. ‘ಅಮ್ಮಾ’ ಎಂದು ಕರೆಯುವ ಭಾಗವನ್ನು ಮೊದಲೇ ದಾಟಿಸಿ, ನೇರ ಕೂರ್ವೆಲನ ಬಳಿಗೆ ತಂದು ನಿಲ್ಲಿಸಿರುತ್ತಾಳೆ. ಕೆಲಸಗಾರ್ತಿ ಎಂದರೆ ಎಡ್ನಾ.

ಡಿಂಪಲ್ ಕೇಳುತ್ತಾಳೆ, ನಗುತ್ತಾಳೆ. ಮುಗಿದ ಮೇಲೆ ಪ್ಲೇಯರಿನ ಮುಚ್ಚಳದ ಮೇಲೆ ಕೈ ಇಟ್ಟುಕೊಂಡು ಸ್ವಲ್ಪ ಹೊತ್ತು ಕೂತಿರುತ್ತಾಳೆ. ಪಪ್ಪ ಯಾವಾಗ ಬರುತ್ತಾರೆ ಎಂದು ಒಮ್ಮೆಯೂ ಕೇಳಿಲ್ಲ.

“ಎಷ್ಟು ದಿನ ಹೀಗೆ, ಎಡ್ನಾ ಬಾಯಿ?” ಎಂದು ಸೌದಾ ಮೆಟ್ಟಿಲಲ್ಲಿ ಹಿಡಿದು ನಿಲ್ಲಿಸಿದ್ದಳು. “ನಮ್ಮನೆಗೆ ಬಂದ್ರೆ ಮಗು ಎಲ್ಲ ಕೇಳ್ತದೆ. ಮೀನಿಗೆ ನಿದ್ರೆ ಉಂಟಾ, ಒಂಟೆಗೆ ಹಲ್ಲು ಎಷ್ಟು. ಅದೊಂದು ಮಾತ್ರ ಕೇಳುದಿಲ್ಲ. ಅದು ನೋಡಿಯೇ ನಂಗೆ ಹೆದರಿಕೆ.”

“ಕಥೆ ಮುಗೀಲಿ ಸೌದಾ. ಆಮೇಲೆ ಹೇಳ್ತೇನೆ.”

“ಯಾವ ಕಥೆ?”

5.

(ನಾಲ್ಕು ಎಲ್ಲಿ ಎನ್ನಬೇಡಿ. ನಾಲ್ಕರಲ್ಲಿ ಕೂರ್ವೆಲನ ಮೊದಲ ಪ್ರೇಮವಿತ್ತು. ಆ ಹಾಳೆಯ ಮೇಲೆ ಮೀನಿನ ಮಸಾಲೆ ಚೆಲ್ಲಿತು.)

ಹನ್ನೊಂದನೇ ಕ್ಯಾಸೆಟ್ಟೂ ಮುಗಿಯಿತು. ಕೂರ್ವೆಲನಿಗೆ ಅರವತ್ತಾಗಿದೆ, ಕೆಮ್ಮುತ್ತಿದ್ದಾನೆ. ಮುಂದಿನದನ್ನು ಎಡ್ನಾ ತಾನೇ ಬರೆಯಬೇಕು. ಪಪ್ಪ ಕಾಗದದಲ್ಲಿ ಬರೆದು ಕಳಿಸಿದ್ದಾರೆ ಎಂದು ಓದಿ ಹೇಳಬೇಕು. ಪುಸ್ತಕ ಫ್ರಿಜ್ಜಿನ ಮೇಲಿದೆ, ಬೊನವೆಂಚರ್ ಮಡಿಸಿಟ್ಟ ಪುಟ ಹಾಗೇ ಇದೆ. ಅವಳು ತೆರೆದಿಲ್ಲ. 1709ರಲ್ಲಿ ಹುಟ್ಟಿದವನು ಇನ್ನೂ ಬದುಕಿರುವ ಸಂಭವ ಕಡಿಮೆ ಎಂದು ಅವಳಿಗೂ ಗೊತ್ತು.

ಡ್ರಾಫ್ಟ್ ಒಂದು: ಕೂರ್ವೆಲ್ ರಂಗದ ಮೇಲೆಯೇ ಕುಸಿದು ಸತ್ತ. (ಬೇಡ. ತೀರಾ ನಾಟಕ.)

ಡ್ರಾಫ್ಟ್ ಎರಡು: ಕೂರ್ವೆಲ್ ಸಾಯಲಿಲ್ಲ, ಕೆಮ್ಮು ವಾಸಿಯಾಯಿತು. (ಹೊಡೆದುಹಾಕಲು ಮನಸ್ಸಾಗದೆ ಎರಡು ದಿನ ಇಟ್ಟುಕೊಂಡಿದ್ದಳು.)

ಡ್ರಾಫ್ಟ್ ಮೂರು: ಕೂರ್ವೆಲ್ ದೂರದ ಊರಿಗೆ ನಾಟಕ ಆಡಿಸಲು ಹೋದ. ಹೆಂಡತಿ ಮಗಳಿಗೆ, ಅಪ್ಪ ಟೂರಿನಲ್ಲಿದ್ದಾರೆ ಎಂದಳು.

ಇಲ್ಲಿ ಪೆನ್ನು ನಿಂತಿತು. ಕೂರ್ವೆಲ್ ಹಾಳೆಯಿಂದ ತಲೆಯೆತ್ತಿದ.

“ಏನು, ಇವತ್ತೂ ನನ್ನನ್ನು ಕೊಲ್ಲುದಿಲ್ವಾ?”

“ಅಕ್ಕಿ ನೆನೆಹಾಕ್ಬೇಕು. ನಾಳೆ ನೋಡುವ.”

“ನಿನ್ನೆಯೂ ಅದೇ ಹೇಳಿದ್ದಿ. ನೋಡು ಮಾರಾಯ್ತಿ, ನಾನು ಜೀವಮಾನ ಇಡೀ ಸುಳ್ಳು ಹೇಳುವವರನ್ನು ಹಿಡಿದು ನಗಾಡಿದವ. ನನ್ನನ್ನೇ ಸುಳ್ಳಿನಲ್ಲಿ ಅಡಗಿಸಿ ಇಡ್ತೀಯಲ್ಲ.”

“ನೀನು ಸತ್ತರೆ ಅವಳು ಅಳ್ತಾಳೆ.”

“ಅಳಲಿ. ಒಬ್ಬಳೇ ಯಾಕೆ ಅಳಬೇಕು ಹೇಳು, ನೀನೂ ಜೊತೆಗೆ ಕೂತ್ಕೋ.”

(ಫ್ರಾನ್ಸಿನವನಿಗೆ ಈ ಉಡುಪಿಯ ಮಾತು ಎಲ್ಲಿಂದ ಬಂತು ಎಂದು ಕೇಳಬಹುದು. ಹೀಗೆ ತಮಾಷೆ ಮಾಡುವವನ ದನಿ ಎಡ್ನಾಳ ಕಿವಿಯಲ್ಲಿ ಇರುವುದೇ ಒಂದು.)

ಎಡ್ನಾ ನೋಟ್‌ಬುಕ್ ಮುಚ್ಚಿ ಅಕ್ಕಿ ನೆನೆಹಾಕಿದಳು.

6.

ಈಗ ಅವಳು ಎದ್ದಾಯಿತು. ಕೈಯಲ್ಲಿ ಒದ್ದೆ ಫಿಲ್ಟರ್.

ನಿನ್ನೆ ಮಧ್ಯಾಹ್ನ ಸೆಕೆಗೆ ಈ ವರ್ಷದ ಮೊದಲ ಸಲ ಎಸಿ ಹಾಕಿದ್ದಳು. ಗುಂಯ್ ಎಂದಿತು, ಆಮೇಲೆ ಕಟಕಟ. ಕಳೆದ ಬೇಸಿಗೆಯಲ್ಲಿ ಡಿಂಪಲ್ ಅದರ ಜಾಲರಿಯೊಳಗೆ ಐಸ್‌ಕ್ರೀಮ್ ಕಡ್ಡಿಯೊಂದನ್ನು ತುರುಕಿದ್ದಳು. ಅದು ಒಳಗೆ ಬಿದ್ದು ಹೋಗಿ ಇಂದಿಗೂ ಬಡಿದುಕೊಳ್ಳುತ್ತಿದೆ. ನಿನ್ನೆ ಆ ಸದ್ದಿಗೆ ಡಿಂಪಲ್ ಬಣ್ಣ ಹಚ್ಚುವುದನ್ನು ನಿಲ್ಲಿಸಿ ಬಹಳ ಹೊತ್ತು ಮೇಲೆ ನೋಡುತ್ತಿದ್ದಳು. ಎಡ್ನಾ ಕೂಡ ಮೇಲೆ ನೋಡಿದಳು, ಆದರೆ ಫಿಲ್ಟರಿನ ಧೂಳು ಮಾತ್ರ ಕಣ್ಣಿಗೆ ಬಿತ್ತು.

ಕೋಣೆಯ ಬಾಗಿಲಲ್ಲಿ ನಿಂತಳು. ಡಿಂಪಲ್ ನೆಲದ ಮೇಲೆ ಕೂತು ಪ್ಲೇಯರಿಗೆ ಕಿವಿ ಕೊಟ್ಟಿದ್ದಾಳೆ. ಬೊನವೆಂಚರ್ ಜೈಲರನ ನಗು ನಗುತ್ತಿದ್ದಾನೆ. ಅವನ ನಗುವಿನ ಹಿಂದೆ ಗುಂಯ್, ಕಟಕಟ. ಡಿಂಪಲ್ ಸ್ಟಾಪ್ ಒತ್ತಿದಳು. ನಗುವಿನ ಜೊತೆ ಗುಂಯ್, ಕಟಕಟವೂ ನಿಂತಿತು.

“ಮಮ್ಮಿ, ಅಜ್ಜಿ ಮನೆಯಲ್ಲಿ ಎಸಿ ಇಲ್ಲ, ಅಲ್ವಾ?”

“ಇಲ್ಲ ಪುಟ್ಟಾ.”

“ಇದು ನನ್ನ ಸ್ಟಿಕ್‌ನ ಸೌಂಡ್.”

ಇಲ್ಲಿ ಕಥೆಗೆ ಮೂರು ಮುಕ್ತಾಯ ಸಿದ್ಧ ಇದ್ದವು. ಒಂದರಲ್ಲಿ ಎಡ್ನಾ, ಅಜ್ಜಿ ಹೊಸ ಎಸಿ ತಗೊಂಡಿದ್ದಾರೆ ಎನ್ನುತ್ತಾಳೆ. ಇನ್ನೊಂದರಲ್ಲಿ ಸೌದಾ ಬಾಗಿಲು ಬಡಿಯುತ್ತಾಳೆ, ಮಾತು ಮುಂದಕ್ಕೆ ಹೋಗುತ್ತದೆ. ಮೂರನೆಯದರಲ್ಲಿ ಎಡ್ನಾ ಫ್ರಿಜ್ಜಿನ ಮೇಲಿನ ಪುಸ್ತಕ ತಂದು, ಮಡಿಸಿದ ಪುಟ ಬಿಚ್ಚಿ, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೂರ್ವೆಲನ ಸಾವನ್ನು ಓದುತ್ತಾಳೆ. ಮೂರನ್ನೂ ಚೆನ್ನಾಗಿಯೇ ಬರೆದಿತ್ತು. ಮೂರರಲ್ಲೂ ಡಿಂಪಲ್ ಸುಮ್ಮನಿರುತ್ತಾಳೆ. ಮೂರೂ ಕೆಟ್ಟದ್ದು ಅದಕ್ಕೇ.

ಎಡ್ನಾ ನೆಲದ ಮೇಲೆ ಅವಳ ಎದುರಿಗೆ ಕೂತಳು. ಫಿಲ್ಟರಿನಿಂದ ನೀರು ಹನಿದು ಇಬ್ಬರ ನಡುವೆ ಹರಡುತ್ತಿತ್ತು. ಒರೆಸಲು ಏಳಲಿಲ್ಲ.

ಡಿಂಪಲ್ ಪ್ಲೇಯರಿನ ಮುಚ್ಚಳದ ಮೇಲಿಂದ ಕೈ ತೆಗೆದು ಅಮ್ಮನ ಒದ್ದೆ ಕೈ ಮೇಲೆ ಇಟ್ಟಳು.

“ಮಮ್ಮಿ, ಪಪ್ಪ ಸತ್ತುಹೋದ್ರಾ?”