ಸೈನ್ಸ್ ಕೇಳಲು ಬಂದವಳು

ಗೋಡೆಯ ಚಾರ್ಟಿನಲ್ಲಿ ಹೃದಯಕ್ಕೆ ಒಂದು ಕಡೆ ಕೆಂಪು, ಒಂದು ಕಡೆ ನೀಲಿ, ಬಾಣದ ಗುರುತೆಲ್ಲ ಸರಿಯಾಗೇ ಇದೆ, ರಕ್ತ ಒಯ್ಯುವುದು ಶಿರ್ಯಾನ್, ವಾಪಸು ತರುವುದು ವರೀದ್, ಸ್ಕೂಲಿನಲ್ಲಿ ಬದ್ರುನ್ನೀಸಾ ಟೀಚರ್ ಉರ್ದುವಿನಲ್ಲಿ ಬರೆಸಿ ಬರೆಸಿ ನಿದ್ದೆಗಣ್ಣಲ್ಲೂ ಹೇಳುವ ಹಾಗಾಗಿದೆ, ಆದರೆ ಇಲ್ಲಿ ಬರೆದಿರುವುದೆಲ್ಲ ಇಂಗ್ಲಿಷು — ಅಯ್ಯೋ ಅಲ್ಲಾಹ್, ಪ್ರಿನ್ಸಿಪಾಲ್ ಮೇಡಂ ಏನೋ ಕೇಳಿದರಲ್ಲ, ಪಿಯುಸಿ ಸೈನ್ಸಿಗೆ ಸೀಟು ಕೇಳಲು ಬಂದ ಬುಷ್ರಾ ಗೋಡೆ ನೋಡುತ್ತ ಕೂರುವುದೇ, ಹಾಶಿಮ್ ಕಲಿಸಿದ ಸಾಲುಗಳಿವೆಯಲ್ಲ, ಇಂಗ್ಲಿಷ್ ಸ್ಕೂಲಿನಲ್ಲಿ ಓದಿದ ಚಿಕ್ಕಪ್ಪನ ಮಗ, ಫ್ರೇಜರ್ ಟೌನಿನಿಂದ ದಿನಾ ಸಂಜೆ ಬಂದು ಉರು ಹೊಡೆಸಿದ್ದ, ಮೊದಲು ನಿನ್ನ ಹೆಸರು ಕೇಳ್ತಾರೆ, ಆಮೇಲೆ ಅಪ್ಪನ ಹೆಸರು, ಆಮೇಲೆ ಯಾಕೆ ಸೈನ್ಸ್ ಅಂತ, ಇದೇ ಕ್ರಮ, ಹೆದರಬೇಡ.

ಮೇಡಂ ಹೆಸರು ಕೇಳಲೇ ಇಲ್ಲ. ಅರ್ಜಿಯಲ್ಲೇ ಇರುವುದನ್ನು ಯಾಕೆ ಕೇಳಬೇಕು, ಹಾಶಿಮನಿಗೆ ಅಷ್ಟೂ ತಿಳಿಯಬಾರದಿತ್ತೇ — ಕೇಳಿದ್ದು ವೈ ಸೈನ್ಸ್, ಅರ್ಥವೂ ಆಯಿತು, ಆದರೂ ಹಾಳು ನಾಲಿಗೆ ಸಾಲಿನ ತಲೆಯಿಂದಲೇ ಹೊರಟಿತು, ಮೈ ನೇಮ್ ಈಸ್ ಬುಷ್ರಾ, ಮೈ ಫಾದರ್ ನೇಮ್ ಈಸ್ ಗಯಾಜ್, ನಡುವೆ ನಿಲ್ಲಿಸಿದರೆ ಪೂರ್ತಿ ಮರೆತೀತೆಂಬ ಭಯಕ್ಕೆ ಒಂದೇ ಉಸಿರಿಗೆ ಓಡಿಸಿದಳು, ಮೇಡಂ ಕೈ ಎತ್ತಿದರು, ಸಾಕಮ್ಮ ಸಾಕು, ಅವರಿಗೆ ನಗು ಬಂದಿತ್ತು, ಕೆಟ್ಟ ನಗುವಲ್ಲ, ಕೆಟ್ಟದ್ದಾಗಿದ್ದರೆ ಸಿಟ್ಟಾದರೂ ಬರುತ್ತಿತ್ತು.

ಉರ್ದು ಮೀಡಿಯಂ ಅಲ್ವಾ, ಮೇಡಂ ಈಗ ಕನ್ನಡದಲ್ಲಿ, ಪಕ್ಕದಲ್ಲಿ ಕೂತ ಅಬ್ಬಾ ಕಡೆ ತಿರುಗಿ, ಮಾರ್ಕ್ಸ್ ಚೆನ್ನಾಗಿದೆ ರೀ, ಆದ್ರೆ ಇಲ್ಲಿ ಪಾಠ ಪೂರ್ತಿ ಇಂಗ್ಲಿಷಲ್ಲಿ, ಫೇಲಾಗಿ ಮನೇಲಿ ಕೂರೋದಕ್ಕಿಂತ ಆರ್ಟ್ಸ್ ತಗೊಳ್ಲಿ, ಆಗ್ಬಹುದಾ? ಆಗಬಾರದು, ಆರ್ಟ್ಸ್ ಎಂದು ಬರೆದುಬಿಟ್ಟರೆ ಮೆಡಿಕಲ್ಲಿಗೆ ಸಿಇಟಿ ಬರೆಯುವ ಹಾಗೇ ಇಲ್ಲ, ಡಾಕ್ಟರಾಗುವ ಮಾತು ಇಲ್ಲಿಗೇ ಮುಗಿಯಿತು, ಅಬ್ಬಾ ಹೇಳಿ, ತೊಂಬತ್ತೇಳನೇ ಇಸವಿಯ ಎಸ್ಸೆಸ್ಸೆಲ್ಸಿ ಬ್ಯಾಚಿಗೇ ಫಸ್ಟ್ ಅಂತ ಹೇಳಿ, ಒಂದು ಸಲ ಚಾರ್ಟಿನ ಮುಂದೆ ನಿಲ್ಲಿಸಿ ಕೇಳಿ ಅಂತ, ಕನ್ನಡದಲ್ಲಾದರೂ ಕೇಳಿ ಅಂತ — ಹೇಳುತ್ತಾರೆ, ಹೇಳದೆ ಇರುತ್ತಾರೆಯೇ, ಶಿವಾಜಿನಗರದಲ್ಲಿ ಚಪ್ಪಲಿ ಅಂಗಡಿ ಇಟ್ಟವರು, ಯಾರು ಹೇಳಿದ ಮೊದಲ ರೇಟಿಗೂ ಜನ್ಮದಲ್ಲಿ ಒಪ್ಪಿದವರಲ್ಲ, ಒಂದು ಕಟ್ಟು ಸೊಪ್ಪಿಗೂ ಮುನಿವೆಂಕಟಮ್ಮನ ಹತ್ತಿರ ಚೌಕಾಸಿ ಮಾಡಿ, ಬೇಡವೆಂದು ಹೊರಟು, ಅವಳೇ ಬಾರೋ ಸಾಬಣ್ಣ ಎಂದು ಕರೆಯುವ ತನಕ ಹಿಂದೆ ನೋಡದವರು, ಈಗಲೂ ಹಾಗೇ ಏಳುತ್ತಾರೆ, ಹೊರಡುತ್ತಾರೆ, ಬಾಗಿಲ ಹತ್ತಿರ ಹೋಗುವಷ್ಟರಲ್ಲಿ ಮೇಡಂ ಕರೆಯುತ್ತಾರೆ —

ಅಬ್ಬಾ ಏಳಲಿಲ್ಲ. ಕುರ್ಚಿಯ ಅಂಚಿನಲ್ಲಿ ಕೂತಿದ್ದವರು ಟೋಪಿ ಸರಿಮಾಡಿಕೊಂಡರು. ನೀವ್ ಹೇಳಿದ್ರೆ ಸರಿ ಮೇಡಂ, ನೀವು ಓದಿದೋರು, ನಮ್ಗೇನು ಗೊತ್ತು — ಅಂಗಡಿಯಲ್ಲಿ ಯಾರಿಗೂ ಬಾಗದ ತಲೆ, ಅಬ್ಬಾ ಬೇಡ, ಇಷ್ಟು ಬೇಗ ಬೇಡ, ಅಗೋ ಆ ಸಾಲು ಈಗ ನೆನಪಾಯಿತು, ಐ ವಾಂಟ್ ಟು ಬಿಕಮ್, ಬಿಕಮ್ ಎ, ಬಾಯಿ ತೆರೆದಳು, ಮೇಡಂ ಅರ್ಜಿಯ ಮೇಲೆ ಆರ್ಟ್ಸ್ ಎಂದು ಬರೆಯತೊಡಗಿದ್ದರು, ಅವರು ನೋಡದಿದ್ದರೂ ಅಬ್ಬಾನ ತಲೆ ಹೂಂ ಹೂಂ ಎಂದು ಅಲ್ಲಾಡುತ್ತಲೇ ಇತ್ತು, ಟೋಪಿಯ ಬಿಳಿ ಅಂಚು ಮೇಲೆ, ಕೆಳಗೆ, ಮೇಲೆ, ಕೆಳಗೆ