‘ರೀ’ ಅಂತ ಕರೆದದ್ದು ಯಾರನ್ನ

ಹೊಟ್ಟೆಕಿಚ್ಚು ಅಂದರೇನೆಂದು ಫೋರ್‌ಮನ್‌ಗೆ ಸರಿಯಾಗಿ ಗೊತ್ತಾದದ್ದು ಮುಪ್ಪಿನಲ್ಲಿ. ಕಾರ್ಖಾನೆ ಬಿಟ್ಟು ಎಷ್ಟೋ ಕಾಲವಾಗಿದ್ದರೂ ಬೀದಿಯವರೆಲ್ಲ ಅವರನ್ನು ಫೋರ್‌ಮನ್ ಎಂದೇ ಕರೆಯುತ್ತಿದ್ದರು. ಅವರ ಹೆಂಡತಿಗೆ ಮರೆವಿನ ಕಾಯಿಲೆ. ಮೊದಮೊದಲು ಒಲೆ ಆರಿಸುವುದನ್ನು ಮರೆತರು, ಆಮೇಲೆ ಮಗಳ ಹೆಸರು, ಕೊನೆಗೆ ಗಂಡನ ಮುಖವನ್ನೇ ಮರೆತರು. ನೋಡಿಕೊಳ್ಳಲು ಮಗಳು ಒಬ್ಬ ನರ್ಸನ್ನು ಗೊತ್ತುಮಾಡಿದಳು. ಮೂವತ್ತರ ಆಸುಪಾಸಿನ ಗಂಡಸು. ಪೊದೆ ಮೀಸೆ, ದಿನಾ ಅದೇ ತಿಳಿನೀಲಿ ಅಂಗಿ.

ಬಂದ ಸ್ವಲ್ಪ ದಿನಕ್ಕೇ ಆಕೆ ಅವನನ್ನು ‘ರೀ’ ಅಂದುಬಿಟ್ಟರು.

“ರೀ, ಇವತ್ತು ಬೇಗ ಬಂದ್ರಲ್ಲ. ಶಿಫ್ಟ್ ಮುಗೀತಾ?”

“ಮುಗೀತಮ್ಮ. ಏಳಿ, ಸ್ವಲ್ಪ ನಡೆದು ಬರೋಣ,” ಅಂದ ನರ್ಸ್.

ಪ್ರಾಯದಲ್ಲಿ ಫೋರ್‌ಮನ್ ಕೂಡ ಅಂಥದೇ ನೀಲಿ ಅಂಗಿ ತೊಟ್ಟು ಕೆಲಸಕ್ಕೆ ಹೋಗುತ್ತಿದ್ದರು. ಮೀಸೆಯೂ ಹಾಗೇ ಇತ್ತು, ನರೆತ ಮೇಲೆ ಬೋಳಿಸಿದ್ದರು. ಈಗ ಈ ಬೋಳುತಲೆಯ ಮುದುಕ ಒಳಗೆ ಬಂದರೆ ಆಕೆ ಕುರ್ಚಿ ಬಿಟ್ಟು ಏಳುತ್ತಿದ್ದರು. “ಮಾವನೋರೆ, ಕೂತ್ಕೊಳ್ಳಿ,” ಅನ್ನುತ್ತಿದ್ದರು. ಇಷ್ಟು ವರ್ಷ ಸಂಸಾರ ಮಾಡಿ ಸಿಕ್ಕಿದ ಬಡ್ತಿ ಅದು.

ಅವರಿಬ್ಬರು ನಗುವುದು ಕೇಳಿಸಿದಾಗಲೆಲ್ಲ ಫೋರ್‌ಮನ್ ತಟ್ಟೆ ಸರಿಸಿ ಊಟದಿಂದ ಎದ್ದುಬಿಡುತ್ತಿದ್ದರು. ಕಾಯಿಲೆಯವಳು ಅನ್ನುವುದು ಬುದ್ಧಿಗೆ ಗೊತ್ತು. ಮನಸ್ಸು ಕೇಳಬೇಕಲ್ಲ.

ಒಂದು ಸಂಜೆ ಕಿತ್ತಳೆ ಬಣ್ಣದ ಹೊಸ ಅಂಗಿ ತಂದು ನರ್ಸಿನ ಕೈಗಿಟ್ಟರು. “ನಾಳೆಯಿಂದ ಇದನ್ನ ಹಾಕ್ಕೊಂಡು ಬಾ. ಆ ಮೀಸೆನೂ ತೆಗೆಸು, ಚೆನ್ನಾಗಿ ಕಾಣಲ್ಲ.”

“ಸರ್, ದಿನಾ ಒಂದೇ ಥರ ಕಾಣಿಸ್ಕೊಂಡ್ರೆ ಅವರಿಗೆ ಸಮಾಧಾನ. ಬದಲಾದ್ರೆ ಗಾಬರಿ ಆಗ್ತಾರೆ.”

“ನಾನು ಹೇಳಿದಷ್ಟು ಮಾಡು.”

ಮಾರನೇ ಬೆಳಗ್ಗೆ ಬಾಗಿಲಲ್ಲಿ ಕಿತ್ತಳೆ ಅಂಗಿ ಕಂಡದ್ದೇ ತಡ, ಆಕೆ ಗೋಡೆಗೆ ಅಂಟಿಕೊಂಡರು. “ಯಾರು ನೀನು? ನಮ್ಮನೆಯವ್ರು ಬರಲಿ, ತಾಳು.” ಮಾತ್ರೆ ಉಗಿದರು, ಲೋಟ ಎಸೆದರು. ಅವನು ನೀಲಿ ಅಂಗಿ ತೊಟ್ಟು ಬಂದರೂ ಮೀಸೆಯಿಲ್ಲದ ಆ ಮುಖವನ್ನು ಒಪ್ಪಲಿಲ್ಲ. ಮಧ್ಯಾಹ್ನವಾದರೂ ಹೊಟ್ಟೆಗೆ ಏನೂ ಇಲ್ಲ. ಕೊನೆಗೆ ಫೋರ್‌ಮನ್ ತಟ್ಟೆ ಹಿಡಿದು ಎದುರು ಕೂತರು. ಮಾವನಿಗೆ ಇಲ್ಲ ಅನ್ನುವುದು ಹೇಗೆ? ಆಕೆ ಬಾಯಿ ತೆರೆದರು.

“ಮಾವನೋರೆ, ನಿಮ್ಮ ಮಗ ಬೆಳಗ್ಗೆಯಿಂದ ಪತ್ತೆ ಇಲ್ಲ. ನನ್ನ ಮೇಲೆ ಮುನಿಸ್ಕೊಂಡಿದ್ದಾರಾ?”

ಫೋರ್‌ಮನ್ ಚಮಚವನ್ನು ತಟ್ಟೆಗಿಟ್ಟರು. “ಇಲ್ಲಮ್ಮ. ಅವನಿಗೆ ಬುದ್ಧಿ ಕಮ್ಮಿ. ಬರಲಿ, ಬೈತೀನಿ.”

“ಬೈಬೇಡಿ. ಅವರಿಗೆ ಬೇಗ ನೋವಾಗುತ್ತೆ. ತೋರಿಸ್ಕೊಳ್ಳಲ್ಲ, ಅಷ್ಟೇ.”

ಊಟ ಮುಗಿಸಿ ಫೋರ್‌ಮನ್ ಹೊರಗೆ ಬಂದರು. ನರ್ಸ್ ಮೆಟ್ಟಿಲ ಮೇಲೆ ಕೂತಿದ್ದ.

“ಮೀಸೆ ಬೆಳೆಸಪ್ಪ,” ಅಂದರು. “ತಪ್ಪು ನಂದು. ನಿನ್ನ ಕಂಡ್ರೆ ನಂಗೆ ಹೊಟ್ಟೆ ಉರೀತಿತ್ತು.”

“ಗೊತ್ತಿತ್ತು ಸರ್,” ಅಂದ ಅವನು. ನಗಲಿಲ್ಲ.

ಮೀಸೆ ಬೆಳೆಯುವವರೆಗೆ ಊಟ, ಮಾತ್ರೆ ಎಲ್ಲ ಮಾವನ ಪಾಲಿಗೆ ಬಂತು. ಅವರೂ ದಿನಾ ಒಂದೇ ಬಿಳಿ ಅಂಗಿ ತೊಟ್ಟರು. ಆಕೆ ಗಂಡನ ಸುದ್ದಿ ತೆಗೆದರೆ ನಿಲ್ಲಿಸುತ್ತಿರಲಿಲ್ಲ. ಕೆಲಸದಲ್ಲಿ ಎಷ್ಟು ಚುರುಕು, ನಕ್ಕರೆ ಎಷ್ಟು ಚೆಂದ ಅನ್ನುತ್ತಿದ್ದರು. ಇದನ್ನೆಲ್ಲ ಆಕೆ ಗಂಡನ ಎದುರಿಗೆ ಒಂದು ದಿನವೂ ಹೇಳಿದ್ದಿಲ್ಲ. ಕೇಳುತ್ತ ಕೇಳುತ್ತ ಫೋರ್‌ಮನ್‌ಗೆ ಆ ಗಂಡನ ಮೇಲೂ ಹೊಟ್ಟೆಕಿಚ್ಚಾಯಿತು.

ಮೀಸೆ ದಟ್ಟವಾದ ಮೇಲೊಂದು ಬೆಳಗ್ಗೆ ನರ್ಸ್ ಒಳಗೆ ಬಂದ. “ರೀ, ಎಲ್ಲಿ ಹೋಗಿದ್ರಿ ಇಷ್ಟು ದಿನ?” ಎಂದು ಆಕೆ ಎದ್ದು ಅವನ ಕೈ ಹಿಡಿದರು. ಫೋರ್‌ಮನ್‌ಗೆ ಉರಿಯಿತು, ಮೊದಲಿನಷ್ಟೇ. ಆದರೂ ಚಪ್ಪಲಿ ಮೆಟ್ಟಿಕೊಂಡು ಆಕೆಯ ಇನ್ನೊಂದು ಪಕ್ಕಕ್ಕೆ ಬಂದು ನಿಂತರು.

“ನಾನೂ ಬರ್ತೀನಮ್ಮ, ನಡೆಯೋಕೆ.”

“ಬನ್ನಿ ಮಾವನೋರೆ,” ಅಂದರು ಆಕೆ. ಮೂವರೂ ಬೀದಿಗಿಳಿದರು.